ಇನ್ನೂ ಅರ್ಧ ದೋಸೆ ಐತಿ

ಮೊನ್ನೆ ಭಾನುವಾರ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದೆ. ಅಪರಿಚಿತರೊಬ್ಬರ ಹೊಟ್ಟೆಗೆ ಬೆನ್ನು ಒರಗಿಸಿಕೊಂಡು ತಿಂದೆ. ನಾನೇನೂ ಬೇಕಂತ ಒರಗಿರಲಿಲ್ಲ. ನನ್ನ ಕುರ್ಚಿ ಯಾವಾಗ ಖಾಲಿಯಾಗುತ್ತದೋ ಅಂತ ಅವರೇ ಅಷ್ಟು ಹತ್ತಿರ ಬಂದು ನಿಂತಿದ್ದರು.

ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೋಸೆ ಹೋಟೆಲಿಗೆ ಕಾಲಿಟ್ಟ ತಕ್ಷಣ ನಾವು ನೋಡುವುದು ಬೇರೆಯವರ ತಟ್ಟೆ. ಯಾರ ದೋಸೆ ಎಷ್ಟು ಉಳಿದಿದೆ, ಯಾರು ಚಟ್ನಿ ಬಳಿಯುತ್ತಿದ್ದಾರೆ, ಯಾರು ಕೈ ಒಣಗಿಸಿಕೊಂಡು ಸುಮ್ನೆ ಹರಟುತ್ತಿದ್ದಾರೆ, ಎಲ್ಲ ಲೆಕ್ಕ ಹಾಕಿ ಒಂದು ಕುರ್ಚಿ ಆರಿಸಿಕೊಂಡು ಅದರ ಹಿಂದೆ ನಿಲ್ಲುತ್ತೇವೆ. 1997ರಲ್ಲಿ ಊರು ಜಿಲ್ಲಾ ಕೇಂದ್ರವಾಯಿತು. ಆಮೇಲೆ ಮಹಾನಗರ ಪಾಲಿಕೆ ಬಂತು, ಸ್ಮಾರ್ಟ್ ಸಿಟಿ ಪಟ್ಟಿಗೂ ಸೇರಿತು. ದೋಸೆ ಹೋಟೆಲಿನ ಟೇಬಲ್ ಮಾತ್ರ ಹೆಚ್ಚಲಿಲ್ಲ.

ನನ್ನ ಹಿಂದಿದ್ದವರು ಈ ವಿದ್ಯೆಯಲ್ಲಿ ಪಳಗಿದವರು. ಮೊದಲು ಕುರ್ಚಿಯ ಬೆನ್ನಿಗೆ ಕರ್ಚೀಫ್ ಹಾಕಿದರು. ನಾನು ಕೂತಿರುವ ಕುರ್ಚಿಗೆ! ಆಮೇಲೆ ಸ್ಕೂಟರ್ ಕೀಲಿ ಕುಲುಕಿಸಲು ಶುರು ಮಾಡಿದರು. ಅದಕ್ಕೂ ನಾನು ಜಗ್ಗದಿದ್ದಾಗ ಫೋನ್ ತೆಗೆದರು. ಮನೆಯವರು ಹೊರಗೆ ಕಾಯುತ್ತಿದ್ದರೆಂದು ಕಾಣುತ್ತದೆ, ಅವರಿಗೆ ನನ್ನ ವರದಿ ಹೋಗತೊಡಗಿತು.

"ಹ್ಞೂಂ, ಇನ್ನೂ ಅರ್ಧ ದೋಸೆ ಐತಿ. ಈಗ ಪಲ್ಯಕ್ಕೆ ಕೈ ಹಾಕ್ಯಾರ. ಭಾಳ ಸಾವಕಾಶ ತಿಂತಾರ ನೋಡು."

ಬೆಣ್ಣೆ ದೋಸೆಯನ್ನು ಸಾವಕಾಶ ತಿನ್ನದೆ ಇನ್ನು ಹೇಗೆ ತಿನ್ನಬೇಕು ಹೇಳಿ? ಅಕ್ಕಿ ಉದ್ದಿನ ಜೊತೆ ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟು, ಸೌದೆ ಒಲೆಯ ಕಾವಲಿ. ಅಂಚು ಗರಿಗರಿ, ನಡು ಮೆತ್ತಗೆ. ಮೇಲೆ ಕರಗುತ್ತಿರುವ ಬೆಣ್ಣೆ ಮುದ್ದೆ, ಪಕ್ಕದಲ್ಲಿ ಬಿಳಿ ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ. ಬೆಂಗಳೂರಿನಲ್ಲಿ ಗಲ್ಲಿಗೊಂದು 'ದಾವಣಗೆರೆ ಬೆಣ್ಣೆ ದೋಸೆ' ಬೋರ್ಡ್ ಇದೆ. ಕೆಲವು ಕಡೆ ಜೊತೆಗೆ ಸಾಂಬಾರ್ ತಂದಿಡುತ್ತಾರೆ. ಅಂಥವರ ಮೇಲೆ ಕೇಸ್ ಹಾಕುವ ಕಾನೂನು ಇನ್ನೂ ಬಂದಿಲ್ಲ. ಇದನ್ನೆಲ್ಲ ಸಹಿಸಿಕೊಂಡು, ಬಸ್ಸಿನಲ್ಲಿ ನಿದ್ದೆಗೆಟ್ಟು ಊರಿಗೆ ಬಂದವನು ನಾನು. ಗಬಗಬ ನುಂಗಿ ಎದ್ದು ಹೋಗಲೇ?

ಅಷ್ಟರಲ್ಲಿ ಹೋಟೆಲ್ ಹುಡುಗ ಬಂದು, "ಸಾರ್, ಇನ್ನೊಂದು ದೋಸೆ ಹೇಳ್ಲಾ?" ಅಂದ.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಉತ್ತರ ಬಂತು: "ಬ್ಯಾಡ ಬ್ಯಾಡ, ಅವರದ್ದು ಆತು."

ಹೊಟ್ಟೆ ತುಂಬಿತ್ತು, ನಿಜ. ಆದರೂ ಒಂದು ಖಾಲಿ ದೋಸೆ ಹೇಳಿದೆ. ಅದು ಬರುವ ತನಕ ಲೋಟದ ನೀರನ್ನು ಗುಟುಕು ಗುಟುಕಾಗಿ ಕುಡಿದೆ. ಹಿಂದೆ ಫೋನಿನಲ್ಲಿ ದನಿ ಸೋತಿತ್ತು. "ಮೋಸ ಆತು ಕಣೇ. ಎರಡನೇದು ಹೇಳ್ಯಾರ."

ನಾನು ಚಿಕ್ಕವನಿದ್ದಾಗ ಅಪ್ಪ ಕಾಟನ್ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಸಂಬಳದ ದಿನ ದೋಸೆಗೆ ಕರೆದುಕೊಂಡು ಹೋಗುತ್ತಿದ್ದರು. ಒಳಗೆ ಜಾಗ ಇಲ್ಲದಿದ್ದರೆ ಬೀದಿಯಲ್ಲೇ ನಿಲ್ಲಬೇಕು. "ಉಣ್ಣೋರ ತಾಟು ನೋಡಬಾರದು" ಅಂತ ನನ್ನ ಗಲ್ಲ ಹಿಡಿದು ಮುಖವನ್ನು ರಸ್ತೆ ಕಡೆ ತಿರುಗಿಸುತ್ತಿದ್ದರು. ಆಮೇಲೆ ಹೋಟೆಲಿನವರೇ ಕೈ ಬೀಸಿ ಕರೆಯುತ್ತಿದ್ದರು. ಅಪ್ಪ ತಮ್ಮ ಬೆಣ್ಣೆಯಲ್ಲಿ ಅರ್ಧ ತೆಗೆದು ನನ್ನ ದೋಸೆಗೆ ಹಾಕುತ್ತಿದ್ದರು. ಅವರಿಗೆ ಬೆಣ್ಣೆ ಸೇರುವುದಿಲ್ಲ ಅಂತಲೇ ನಾನು ಬಹಳ ದಿನ ನಂಬಿದ್ದೆ. ಈಗ ಮಿಲ್ಲೂ ಇಲ್ಲ, ಅಪ್ಪನೂ ಇಲ್ಲ.

ಹೋಟೆಲಿನಲ್ಲಾದರೆ ಅಪರಿಚಿತರು, ಹೋಗಲಿ ಬಿಡಿ. ಎರಡು ವರ್ಷಕ್ಕೊಮ್ಮೆ ದುರ್ಗಾಂಬಿಕಾ ದೇವಿ ಜಾತ್ರೆ ಬರುತ್ತದಲ್ಲ, ಆಗ ನೆಂಟರೇ ಹಿಂದೆ ನಿಲ್ಲುತ್ತಾರೆ. ಜಾತ್ರೆಯೆಂದರೆ ಮನೆಮನೆಯಲ್ಲೂ ಊಟ. ಒಂದು ದಿನ ಹೋಳಿಗೆ, ಮರುದಿನ ಬಾಡೂಟ. ಬೀಗರು, ಬೀಗರ ಬೀಗರು, ಅವರ ಜೊತೆ ಆಟೋದಲ್ಲಿ ಬಂದವರು, ಕೊನೆಗೆ ಆಟೋದವರು, ಎಲ್ಲರೂ ಉಂಡೇ ಹೋಗಬೇಕು. ನಮ್ಮತ್ತೆ ಮನೆ ಮಾಳಿಗೆ ಮೇಲೆ ಶಾಮಿಯಾನ ಹಾಕಿ ಪಂಕ್ತಿ ಮೇಲೆ ಪಂಕ್ತಿ ಏಳಿಸುತ್ತಾರೆ. ಹರಿಹರದ ಮಾವ ಮಾತ್ರ ಯಾವ ಪಂಕ್ತಿಗೂ ಕಾಯುವವರಲ್ಲ. ಉಣ್ಣುತ್ತಿರುವವರ ಹಿಂದೆ ನಿಂತು, "ಸಾವಕಾಶ ಉಣ್ರಿ, ಅವಸರ ಏನಿಲ್ಲ" ಅನ್ನುತ್ತಾರೆ. ಆ ದನಿ ಕೇಳಿದರೆ ಎಂಥವರಿಗೂ ನೆತ್ತಿ ಹತ್ತುತ್ತದೆ.

2024ರ ಜಾತ್ರೆಯಲ್ಲಿ ಅತ್ತೆ ಇದಕ್ಕೊಂದು ಉಪಾಯ ಹುಡುಕಿದರು. ಪಂಕ್ತಿಯೂ ಬೇಡ, ಕುರ್ಚಿಯೂ ಬೇಡ, ಈ ಸಲ ಬಫೆ. ಎಲ್ಲರೂ ನಿಂತೇ ಉಣ್ಣುವುದು ಅಂದಮೇಲೆ ಯಾರ ಹಿಂದೆ ಯಾರು ನಿಲ್ಲುತ್ತಾರೆ? ಮಾವ ಬಂದರು. ಸುತ್ತ ಒಮ್ಮೆ ನೋಡಿದರು. ಸೀದಾ ಹೋಗಿ, ಹೋಳಿಗೆ ಬಡಿಸುತ್ತಿದ್ದ ಹುಡುಗನ ಬೆನ್ನ ಹಿಂದೆ ನಿಂತರು.

"ಸಾವಕಾಶ ಬಡಿಸಪಾ. ಎಷ್ಟು ಉಳದಾವು?"