ಇಷ್ಟು ದುಡ್ಡು ಕೊಟ್ಟು ಪಂದ್ಯ ನೋಡಲು ಹೋಗಬೇಕೇ?

ದೊಡ್ಡ ಟೂರ್ನಿಯೊಂದರ ಟಿಕೆಟ್ ದರ ಹೊರಬಿದ್ದರೆ ಸಾಕು, ಫೇಸ್‌ಬುಕ್ ತುಂಬ ಅದೇ ಜಗಳ. ಒಬ್ಬರು ಇದು ಹಗಲುದರೋಡೆ ಎನ್ನುತ್ತಾರೆ. ಇನ್ನೊಬ್ಬರು ‘ಕೊಳ್ಳುವವರಿದ್ದಾರೆ, ಮಾರುತ್ತಾರೆ. ನಿಮಗೇಕೆ ಹೊಟ್ಟೆಯುರಿ? ಮನೆಯಲ್ಲಿ ಕುಳಿತು ಟಿವಿ ನೋಡಿ’ ಎಂದು ಬುದ್ಧಿ ಹೇಳುತ್ತಾರೆ. ಮೂರನೆಯವರು ಬಂದು, ಎಲ್ಲಕ್ಕೂ ಆಟಗಾರರ ಕೋಟಿ ಕೋಟಿ ಸಂಬಳವೇ ಮೂಲ ಎಂದು ತೀರ್ಪು ಕೊಟ್ಟು ಹೋಗುತ್ತಾರೆ. ಮೊದಲನೆಯವರ ಸಿಟ್ಟು ನನಗೆ ಅರ್ಥವಾಗುತ್ತದೆ, ಎರಡನೆಯವರ ಉಡಾಫೆ ಕಿರಿಕಿರಿ ಹುಟ್ಟಿಸುತ್ತದೆ, ಮೂರನೆಯವರ ಲೆಕ್ಕವಂತೂ ತಪ್ಪು. ಆ ತಪ್ಪು ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಅಮೆರಿಕದ ಕಾಲೇಜು ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಲ್ಲಿನ ಆಟ) ನೋಡಿ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಅಲ್ಲಿ ಆಡುವ ಹುಡುಗರಿಗೆ ವಿಶ್ವವಿದ್ಯಾಲಯಗಳು ಆದಾಯದ ಪಾಲನ್ನು ನೇರವಾಗಿ ಕೊಡಲು ದಾರಿಯಾದದ್ದು 2025ರಲ್ಲಿ. ಅದಕ್ಕೂ ಹಿಂದಿನ ದಶಕಗಳಲ್ಲಿ ಅವರಿಗೆ ಸಂಬಳವೆಂಬುದೇ ಇರಲಿಲ್ಲ, ವಿದ್ಯಾರ್ಥಿವೇತನವೇ ಎಲ್ಲ. ಹಾಗೆಂದು ದೊಡ್ಡ ಪಂದ್ಯಗಳ ಟಿಕೆಟ್ಟುಗಳೇನೂ ಅಗ್ಗವಾಗಿರಲಿಲ್ಲ. ಆಟಗಾರನಿಗೆ ಎಷ್ಟು ಕೊಟ್ಟೆವು ಎಂದು ನೋಡಿ ಯಾವ ಮಾಲೀಕನೂ ದರ ನಿಗದಿ ಮಾಡುವುದಿಲ್ಲ. ನೋಡುವವನು ಎಷ್ಟು ತೆರಬಲ್ಲ ಎಂದು ನೋಡಿ ಮಾಡುತ್ತಾನೆ. ಹಣ ಬಂದ ಮೇಲೆ ಅದರಲ್ಲಿ ತಮ್ಮ ಪಾಲನ್ನು ಆಟಗಾರರು ಕೇಳುತ್ತಾರೆ, ಕೇಳಲೇಬೇಕು. ನಾಳೆ ಎಲ್ಲ ಆಟಗಾರರ ಸಂಬಳವನ್ನು ಅರ್ಧಕ್ಕೆ ಇಳಿಸಿದರೂ ಟಿಕೆಟ್ ದರ ಒಂದು ಬಿಡಿಗಾಸಿನಷ್ಟೂ ಇಳಿಯುವುದಿಲ್ಲ, ಉಳಿದ ದುಡ್ಡು ಮಾಲೀಕನ ಜೇಬು ಸೇರುತ್ತದೆ, ಅಷ್ಟೇ. ಇನ್ನು ಮೇಲೆ ಆಟಗಾರರನ್ನು ಬೈಯುವವರು ಅವರ ಫಾರ್ಮ್ ಬಗ್ಗೆ ಮಾತ್ರ ಬೈಯಬೇಕೆಂದು ಕೋರಿಕೆ.

ಹಾಗಾದರೆ ದರ ಏರಿದ್ದು ಹೇಗೆ? ಇಂಗ್ಲೆಂಡಿನ ಕಥೆಯಲ್ಲಿ ಒಂದು ವಿಚಿತ್ರ ತಿರುವಿದೆ. 1989ರಲ್ಲಿ ಹಿಲ್ಸ್‌ಬರೊ ಕ್ರೀಡಾಂಗಣದ ನೂಕುನುಗ್ಗಲಿನಲ್ಲಿ ಲಿವರ್‌ಪೂಲ್ ಫುಟ್‌ಬಾಲ್ ತಂಡದ 97 ಅಭಿಮಾನಿಗಳು ಸತ್ತರು. ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್ 1990ರ ವರದಿಯಲ್ಲಿ, ನಿಂತು ನೋಡುವ ಸ್ಟ್ಯಾಂಡ್‌ಗಳನ್ನು ತೆಗೆದು ದೊಡ್ಡ ಕ್ರೀಡಾಂಗಣಗಳಲ್ಲೆಲ್ಲ ಆಸನಗಳನ್ನು ಹಾಕಬೇಕೆಂದು ಶಿಫಾರಸು ಮಾಡಿದರು. ಆಸನ ಹಾಕಿದ ನೆಪದಲ್ಲಿ ಬಡವರನ್ನು ಹೊರಗಿಡಬಾರದು ಎಂಬ ಎಚ್ಚರ ಅವರಿಗಿತ್ತು. ಗ್ಲಾಸ್ಗೊ ನಗರದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ ನಿಂತು ನೋಡಲು 4 ಪೌಂಡ್, ಕುಳಿತು ನೋಡಲು 6 ಪೌಂಡ್ ಇರುವುದನ್ನು ತೋರಿಸಿ, ಇದು ಸಾಧ್ಯವಿದೆಯಲ್ಲ ಎಂದು ಬರೆದರು. ಆಸನಗಳ ಮಾತನ್ನು ಕ್ಲಬ್‌ಗಳು ಪಾಲಿಸಿದವು. ದರದ ಮಾತನ್ನು ಮರೆತವು. 1992ರಲ್ಲಿ ಅಲ್ಲಿನ ಅಗ್ರ ಫುಟ್‌ಬಾಲ್ ಟೂರ್ನಿಯಾದ ಪ್ರೀಮಿಯರ್ ಲೀಗ್ ಶುರುವಾಯಿತು, ಟಿವಿಯ ಹಣ ಹರಿದುಬಂತು, ಸುರಕ್ಷತೆಗೆಂದು ಹಾಕಿದ ಕುರ್ಚಿಯೇ ದುಬಾರಿ ಸರಕಾಯಿತು.

ಕೊನೆಗೆ 2016ರ ಫೆಬ್ರುವರಿಯಲ್ಲಿ ಲಿವರ್‌ಪೂಲ್ ಕ್ಲಬ್ ತನ್ನ ಅತಿ ದುಬಾರಿ ಟಿಕೆಟ್ಟಿಗೆ 77 ಪೌಂಡ್ ಎಂದು ಘೋಷಿಸಿದಾಗ ಅಭಿಮಾನಿಗಳು ಸಂಡರ್‌ಲೆಂಡ್ ವಿರುದ್ಧದ ಪಂದ್ಯದ 77ನೇ ನಿಮಿಷದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಎದ್ದು ಹೊರನಡೆದರು. ಆಗ ಲಿವರ್‌ಪೂಲ್ 2–0 ಮುಂದಿತ್ತು. ಪಂದ್ಯ ಮುಗಿದದ್ದು 2–2ರಲ್ಲಿ. ಕಾಕತಾಳೀಯ ಎನ್ನಿ, ಏನಾದರೂ ಎನ್ನಿ. ನನಗಂತೂ ಇದನ್ನು ನೆನೆದಾಗಲೆಲ್ಲ ಒಂದು ಸಣ್ಣ ತೃಪ್ತಿ. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಏರಿಕೆಯನ್ನು ಕೈಬಿಟ್ಟರು. ಅದೇ ವರ್ಷ, ಎದುರಾಳಿ ತಂಡದ ಊರಿಗೆ ಹೋಗಿ ಪಂದ್ಯ ನೋಡುವ ಅಭಿಮಾನಿಗಳಿಗೆ 30 ಪೌಂಡ್ ಮೀರುವಂತಿಲ್ಲ ಎಂಬ ಮಿತಿಯನ್ನು ಇಡೀ ಲೀಗ್ ಒಪ್ಪಿಕೊಂಡಿತು. ಅತಿಥಿ ಅಭಿಮಾನಿಗಳಿಗೇ ಈ ರಿಯಾಯಿತಿ ಏಕೆ? ಅವರಿಲ್ಲದಿದ್ದರೆ ಕ್ರೀಡಾಂಗಣ ಸಪ್ಪೆ. ಟಿವಿಯಲ್ಲಿ ಕೇಳುವ ಆ ಸದ್ದು, ಆ ಹಾಡು, ಎರಡು ಕಡೆಯ ಆ ಕೂಗಾಟ, ಇದೆಲ್ಲ ಪ್ರಸಾರ ಹಕ್ಕಿನ ಜೊತೆಗೇ ಮಾರಾಟವಾಗುವ ಸರಕು.

ನನ್ನ ಮುಖ್ಯ ತಕರಾರು ಇರುವುದು ಇಲ್ಲೇ. ಗ್ಯಾಲರಿಯಲ್ಲಿ ಕುಳಿತವನು ಬರೀ ಗಿರಾಕಿಯಲ್ಲ, ಪ್ರದರ್ಶನದಲ್ಲಿ ಅವನದೂ ಒಂದು ಪಾತ್ರವಿದೆ. ಸಂಶಯವಿದ್ದವರು 2020ನ್ನು ನೆನಪಿಸಿಕೊಳ್ಳಿ. ಕೊರೊನಾ ಕಾಲದಲ್ಲಿ ಮೇ ತಿಂಗಳಲ್ಲಿ ಜರ್ಮನಿಯ ಅಗ್ರ ಫುಟ್‌ಬಾಲ್ ಲೀಗ್ ಬುಂಡೆಸ್‌ಲಿಗಾ ಖಾಲಿ ಕ್ರೀಡಾಂಗಣಗಳಲ್ಲಿ ಪುನರಾರಂಭವಾಯಿತು. ಒಂದು ಕ್ಲಬ್ ಅಭಿಮಾನಿಗಳ ರಟ್ಟಿನ ಚಿತ್ರಗಳನ್ನು ಆಸನಗಳಲ್ಲಿ ನಿಲ್ಲಿಸಿತು. ಪ್ರಸಾರಕರು ಧ್ವನಿಮುದ್ರಿತ ಜನಜಂಗುಳಿಯ ಸದ್ದನ್ನು ಬೆರೆಸಿದರು. ಗೋಲಿಗೊಂದು ಸದ್ದು, ತಪ್ಪಿದ ಹೊಡೆತಕ್ಕೊಂದು ಸದ್ದು, ಎಲ್ಲ ಗುಂಡಿ ಒತ್ತಿದರೆ ಬರುವಂಥವು. ಕೇಳುವವರಿಗೆ ಹಿಂಸೆ. ಆ ಕಾಲದ ಪಂದ್ಯಗಳನ್ನು ಅಧ್ಯಯನ ಮಾಡಿದ ಹಲವರು, ತವರಿನ ತಂಡಕ್ಕೆ ಸಿಗುತ್ತಿದ್ದ ಅನುಕೂಲ ಕುಗ್ಗಿದ್ದನ್ನೂ, ಅತಿಥಿ ತಂಡಕ್ಕೆ ರೆಫರಿಗಳು ತೋರಿಸುತ್ತಿದ್ದ ಹಳದಿ ಕಾರ್ಡುಗಳು ಕಡಿಮೆಯಾದದ್ದನ್ನೂ ಕಂಡುಕೊಂಡರು. ಎಂದರೆ ಜನರ ಕೂಗು ರೆಫರಿಯ ಕೈಯನ್ನೂ ಜೇಬಿನತ್ತ ಒಯ್ಯುತ್ತಿತ್ತು! ಪಂದ್ಯದ ಫಲಿತಾಂಶವನ್ನೇ ಅಲುಗಾಡಿಸಬಲ್ಲವರಿಂದ, ಸುಮ್ಮನೆ ನೋಡಿಹೋಗುವವರೆಂದು ಭಾವಿಸಿ, ಆದಷ್ಟು ಹೆಚ್ಚು ದುಡ್ಡು ಹಿಂಡಲಾಗುತ್ತಿದೆ.

ಹಿಂಡುವ ಯಂತ್ರದ ಹೆಸರು ಡೈನಾಮಿಕ್ ಪ್ರೈಸಿಂಗ್. ಬೇಡಿಕೆ ಏರಿದಂತೆ ದರ ತಾನೇ ಏರುವ ವ್ಯವಸ್ಥೆ. ವಿಮಾನದ ಟಿಕೆಟ್ಟಿನಲ್ಲಿ ಮೊದಲೇ ಇದ್ದದ್ದನ್ನು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡ 2009ರಲ್ಲಿ ಕೆಲವು ಆಸನಗಳಿಗೆ ಪ್ರಯೋಗವಾಗಿ ತಂದು, ಮರುವರ್ಷ ಇಡೀ ಕ್ರೀಡಾಂಗಣಕ್ಕೆ ಹಬ್ಬಿಸಿತು. ಈಗ ಅದು ವಿಶ್ವಕಪ್ ಫುಟ್‌ಬಾಲ್‌ವರೆಗೂ ಬಂದಿದೆ. 2022ರ ಕತಾರ್ ಫೈನಲ್‌ನ ಅತಿ ದುಬಾರಿ ಸಾಮಾನ್ಯ ಟಿಕೆಟ್ ಸುಮಾರು 1,600 ಡಾಲರ್ ಇತ್ತು. 2026ರ ಫೈನಲ್‌ನದು ಮಾರಾಟ ಶುರುವಾದಾಗಲೇ 6,000 ಡಾಲರ್ ದಾಟಿತ್ತು. ಅಭಿಮಾನಿ ಸಂಘಟನೆಗಳು ರೊಚ್ಚಿಗೆದ್ದ ಮೇಲೆ 2025ರ ಡಿಸೆಂಬರಿನಲ್ಲಿ ವಿಶ್ವಕಪ್ ನಡೆಸುವ ಸಂಸ್ಥೆ ಫಿಫಾ ಪ್ರತಿ ಪಂದ್ಯಕ್ಕೂ 60 ಡಾಲರಿನ ಒಂದಿಷ್ಟು ಟಿಕೆಟ್ಟುಗಳನ್ನು ಮೀಸಲಿಟ್ಟಿತು. ಇಡೀ ಕ್ರೀಡಾಂಗಣಕ್ಕೆ ಹೋಲಿಸಿದರೆ ಅವು ಹಿಡಿಯಷ್ಟು.

ಇದಕ್ಕಿಂತ ನನಗೆ ಸಿಟ್ಟು ಬರಿಸುವುದು ಮರುಮಾರಾಟದ ವ್ಯವಹಾರ. ಹಿಂದೆ ಗೇಟಿನ ಹೊರಗೆ ನಿಂತು ಬ್ಲಾಕ್‌ನಲ್ಲಿ ಮಾರುವವನನ್ನು ಪೊಲೀಸರು ಅಟ್ಟುತ್ತಿದ್ದರು. ಈಗ ಸಂಘಟಕರೇ ಅಧಿಕೃತ ಮರುಮಾರಾಟ ತಾಣ ತೆರೆದಿದ್ದಾರೆ. 2026ರ ವಿಶ್ವಕಪ್‌ಗೆ ಫಿಫಾ ತೆರೆದ ತಾಣದಲ್ಲಿ ಮಾರುವವನಿಂದ ಶೇ 15, ಕೊಳ್ಳುವವನಿಂದ ಶೇ 15 ಶುಲ್ಕ. ಒಂದೇ ಟಿಕೆಟ್ ಎಷ್ಟು ಕೈ ಬದಲಾಯಿಸಿದರೆ ಅಷ್ಟು ಸಲ ಕಮಿಷನ್. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

‘ಬೆಲೆ ಕಡಿಮೆ ಇಟ್ಟರೆ ಲಾಭ ದಲ್ಲಾಳಿಗಳ ಪಾಲಾಗುತ್ತದೆ, ಅದರ ಬದಲು ಸಂಘಟಕರಿಗೇ ಹೋಗಲಿ’ ಎಂಬ ವಾದವೊಂದಿದೆ. ಅರ್ಥಶಾಸ್ತ್ರ ಓದಿದ ಗೆಳೆಯರು ಇದನ್ನು ಬ್ರಹ್ಮಾಸ್ತ್ರದಂತೆ ಎಸೆಯುತ್ತಾರೆ. ವಾದ ಪೊಳ್ಳಲ್ಲ, ಅಗ್ಗದ ಟಿಕೆಟ್ಟಿಗೆ ದಲ್ಲಾಳಿ ಮುಗಿಬೀಳುವುದು ನಿಜ. ಆದರೆ ದಾರಿ ಅದೊಂದೇ ಎನ್ನುವುದು ಸುಳ್ಳು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಅಧಿಕೃತ ಮರುಮಾರಾಟದಲ್ಲಿ ಮುಖಬೆಲೆಗಿಂತ ಹೆಚ್ಚು ದರ ಹಾಕಲು ಅವಕಾಶವಿರಲಿಲ್ಲ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಟಿಕೆಟ್ಟನ್ನು ಅನುಮತಿಯಿಲ್ಲದೆ ಮರುಮಾರುವುದು 1994ರಿಂದಲೇ ಅಪರಾಧ. ವಿಂಬಲ್ಡನ್‌ನಲ್ಲಿ ಬೇಗ ಹೊರಡುವವರು ಮರಳಿಸಿದ ಟಿಕೆಟ್ಟುಗಳನ್ನು ಸಣ್ಣ ಮೊತ್ತಕ್ಕೆ ಮತ್ತೆ ಮಾರಿ, ಬಂದ ಹಣವನ್ನು ದಾನಕ್ಕೆ ಕೊಡುತ್ತಾರೆ. ಮನಸ್ಸಿದ್ದವರಿಗೆ ಮಾರ್ಗಗಳಿವೆ.

ಮಾರುಕಟ್ಟೆಗೇ ಎಲ್ಲ ಗೊತ್ತು ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. 2025ರ ಕ್ಲಬ್ ವಿಶ್ವಕಪ್‌ನಲ್ಲಿ ಚೆಲ್ಸಿ ಮತ್ತು ಫ್ಲುಮಿನೆನ್ಸ್ ನಡುವಿನ ಸೆಮಿಫೈನಲ್‌ಗೆ 473 ಡಾಲರ್ ಆಸುಪಾಸಿನಲ್ಲಿದ್ದ ಟಿಕೆಟ್, ಪಂದ್ಯ ಹತ್ತಿರವಾಗುತ್ತಿದ್ದಂತೆ 13 ಡಾಲರ್ ಚಿಲ್ಲರೆಗೆ ಕುಸಿಯಿತು. ಮೊದಲೇ ಕೊಂಡ ನಿಷ್ಠಾವಂತ ಅಭಿಮಾನಿಯ ಪಕ್ಕದಲ್ಲಿ, ಸಂಜೆ ಸುಮ್ಮನೆ ಬಂದವನು ಅದರ ಸುಮಾರು ಮೂವತ್ತೈದರಲ್ಲೊಂದು ಪಾಲು ಕೊಟ್ಟು ಕುಳಿತ. ನಿಷ್ಠೆಗೆ ದಂಡ ಹಾಕಿ, ಉದಾಸೀನಕ್ಕೆ ಬಹುಮಾನ ಕೊಡುವ ವ್ಯವಸ್ಥೆಯನ್ನು ಜಾಣತನ ಎಂದು ಕರೆಯಲು ನನ್ನಿಂದಾಗದು.

ಟಿಕೆಟ್ ಹಣವಿಲ್ಲದಿದ್ದರೆ ಕ್ಲಬ್ ಮುಳುಗುತ್ತದೆಯೇ? ಪ್ರೀಮಿಯರ್ ಲೀಗ್‌ನ ಬಹುತೇಕ ಕ್ಲಬ್‌ಗಳಿಗೆ ಪ್ರಸಾರ ಹಕ್ಕಿನ ಹಣ ಗೇಟ್ ಹಣಕ್ಕಿಂತ ಹಲವು ಪಟ್ಟು ಹೆಚ್ಚು. ಜರ್ಮನಿಯಲ್ಲಿ ಕ್ಲಬ್‌ನ ಮತದಾನದ ಬಹುಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ, ಅದನ್ನು 50+1 ಎನ್ನುತ್ತಾರೆ. ಡಾರ್ಟ್‌ಮಂಡ್ ಕ್ಲಬ್‌ನ ದಕ್ಷಿಣ ಸ್ಟ್ಯಾಂಡಿನಲ್ಲಿ ಸುಮಾರು 25,000 ಜನ ಇಂದಿಗೂ ನಿಂತೇ ಪಂದ್ಯ ನೋಡುತ್ತಾರೆ, ಇಂಗ್ಲೆಂಡಿನ ಆಸನಗಳಿಗಿಂತ ಎಷ್ಟೋ ಅಗ್ಗದ ದರದಲ್ಲಿ. ಹಳದಿ ಗೋಡೆಯೆಂದು ಹೆಸರಾದ ಆ ಸ್ಟ್ಯಾಂಡಿನ ಚಿತ್ರವನ್ನು ನೋಡದ ಫುಟ್‌ಬಾಲ್ ಪ್ರೇಮಿ ಇರಲಾರ. ಕ್ಲಬ್‌ಗೆ ಅದಕ್ಕಿಂತ ದೊಡ್ಡ ಜಾಹೀರಾತು ಯಾವುದಿದೆ? ಅಲ್ಲಿನವರೂ ಸುಮ್ಮನೆ ಕೂತವರಲ್ಲ. 2016ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಟಿಕೆಟ್ ದರ ವಿರೋಧಿಸಿ ಮೈದಾನಕ್ಕೆ ಟೆನಿಸ್ ಚೆಂಡುಗಳನ್ನು ಎಸೆದವರು ಇದೇ ಡಾರ್ಟ್‌ಮಂಡ್ ಅಭಿಮಾನಿಗಳು.

ಇಷ್ಟೆಲ್ಲ ಬೈದ ಮೇಲೆ, ಹೋಗಬೇಕೋ ಬೇಡವೋ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಟಿವಿಯ ಪರವಾಗಿ ಹೇಳಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಚೆಂಡು ಬ್ಯಾಟಿಗೆ ತಾಗಿತೋ ಇಲ್ಲವೋ, ಸ್ಟ್ರೈಕರ್ ಆಫ್‌ಸೈಡ್ ಆಗಿದ್ದನೋ ಇಲ್ಲವೋ ಎಂಬುದು ಕ್ರೀಡಾಂಗಣದ ಮೇಲಂತಸ್ತಿನಲ್ಲಿ ಕುಳಿತವನಿಗೆ ಗೊತ್ತಾಗುವುದೇ ಇಲ್ಲ. ಎದುರಿಗೆ ಆಟ ನಡೆಯುತ್ತಿದ್ದರೂ ಅವನು ನೋಡುವುದು ದೊಡ್ಡ ಪರದೆಯನ್ನೇ. ಅಷ್ಟು ದೂರ ಕುಳಿತು ಪರದೆ ನೋಡಲು ಮನೆಯಲ್ಲಿರುವ ಪರದೆ ಸಾಲದೇ? ಜೊತೆಗೆ ಪ್ರಯಾಣ, ಪಾರ್ಕಿಂಗ್, ಸರತಿ, ಬುಕಿಂಗ್ ಶುಲ್ಕವೆಂಬ ಅರ್ಥವಾಗದ ಬಾಬತ್ತು, ಒಳಗೆ ನೀರಿನ ಬಾಟಲಿಗೂ ದುಪ್ಪಟ್ಟು ದರ. ಇಬ್ಬರು ಮಕ್ಕಳಿರುವ ಸಂಸಾರಕ್ಕೆ ಎಲ್ಲವೂ ನಾಲ್ಕರಿಂದ ಗುಣಾಕಾರ. (ಒಳಗಿನ ಈ ಸುಲಿಗೆಯೂ ಅನಿವಾರ್ಯವಲ್ಲ. ಅಟ್ಲಾಂಟದ ಮರ್ಸಿಡಿಸ್-ಬೆಂಜ್ ಕ್ರೀಡಾಂಗಣ 2017ರಲ್ಲಿ ತಿಂಡಿಯ ದರಗಳನ್ನು ಅರ್ಧದಷ್ಟು ಇಳಿಸಿದಾಗ ಪ್ರೇಕ್ಷಕರು ತಲಾ ಖರ್ಚು ಮಾಡಿದ ಮೊತ್ತ ಶೇ 16ರಷ್ಟು ಏರಿತ್ತು.)

ಟಿವಿ ತೋರಿಸದ್ದೂ ಇದೆ. ಕ್ಯಾಮೆರಾ ಚೆಂಡಿನ ಬೆನ್ನು ಬಿಡುವುದಿಲ್ಲ, ಆಟದ ಅರ್ಧ ಭಾಗ ನಡೆಯುವುದು ಚೆಂಡು ಇಲ್ಲದ ಕಡೆ. ಫುಟ್‌ಬಾಲ್‌ನಲ್ಲಿ ನಾಲ್ವರು ಡಿಫೆಂಡರ್‌ಗಳು ಹಗ್ಗ ಕಟ್ಟಿದವರಂತೆ ಒಟ್ಟಿಗೆ ಮುಂದೆ ಸರಿಯುವುದು, ಸ್ಟ್ರೈಕರ್ ಎರಡು ಸಲ ಸುಳ್ಳು ಓಟ ಓಡಿ ಮೂರನೆಯದಕ್ಕೆ ಜಾಗ ಮಾಡಿಕೊಳ್ಳುವುದು, ಕ್ರಿಕೆಟ್‌ನಲ್ಲಿ ಬೌಲರ್ ಹಿಂತಿರುಗಿ ನಡೆಯುವಾಗ ನಾಯಕ ಕಣ್ಸನ್ನೆಯಲ್ಲೇ ಸ್ಲಿಪ್‌ನವನನ್ನು ಎರಡು ಹೆಜ್ಜೆ ಸರಿಸುವುದು, ಅದನ್ನು ಬ್ಯಾಟರ್ ಗಮನಿಸಿಯೂ ಗಮನಿಸದಂತೆ ಇರುವುದು. ವೇಗದ ಬೌಲಿಂಗ್ ಎಂದರೆ ಎಷ್ಟು ವೇಗ ಎಂಬುದು ಪರದೆಯ ಮೇಲಿನ ಸಂಖ್ಯೆಯಿಂದ ತಿಳಿಯುವುದಿಲ್ಲ, ಬದಿಯಿಂದ ಕುಳಿತು ನೋಡಿದರೆ ಎದೆ ಝಲ್ಲೆನ್ನುತ್ತದೆ. ಇದಕ್ಕಾಗಿ ದುಡ್ಡು ಕೊಡಲು ನಾನು ತಯಾರು.

ಆದರೆ ಗಮನಿಸಿ, ಇದನ್ನೆಲ್ಲ ನೋಡಲು ಫೈನಲ್ಲೇ ಆಗಬೇಕೆಂದಿಲ್ಲ. ಬಹುಮಟ್ಟಿಗೆ ಫೈನಲ್‌ನಲ್ಲಿ ಇದು ಕಾಣುವುದೇ ಇಲ್ಲ. ಮುಂದಿನ ಸಾಲಿನವರು ಮೊಬೈಲ್ ಎತ್ತಿ ಹಿಡಿದಿರುತ್ತಾರೆ, ಪ್ರಾಯೋಜಕರ ಅತಿಥಿಗಳು ಅರ್ಧ ಆಟ ಮುಗಿದ ಮೇಲೆ ಬಂದು ಕೂರುತ್ತಾರೆ. ಎರಡನೇ ಡಿವಿಷನ್ ಪಂದ್ಯದಲ್ಲಿ ಕೋಚ್ ಬೈಯುವುದು ಕೂಡ ಕಿವಿಗೆ ಬೀಳುತ್ತದೆ. ಗ್ರ್ಯಾಂಡ್‌ಸ್ಲಾಮ್ ಟೆನಿಸ್‌ನ ಮೊದಲ ವಾರದಲ್ಲಿ ಹೊರಗಿನ ಸಣ್ಣ ಕೋರ್ಟುಗಳ ಪಕ್ಕದಲ್ಲಿ ನಿಂತರೆ ವಿಶ್ವದ ಮೊದಲ ಮೂವತ್ತರಲ್ಲಿರುವವರ ಸರ್ವ್ ಕೈಗೆಟಕುವಷ್ಟು ಹತ್ತಿರ. ಟೆಸ್ಟ್ ಪಂದ್ಯದ ಕೊನೆಯ ದಿನಗಳು ಇನ್ನೂ ಒಳ್ಳೆಯವು, ಸಂಘಟಕರಿಗೆ ಬುದ್ಧಿ ಇದ್ದರೆ. 2024ರಲ್ಲಿ ಲಾರ್ಡ್ಸ್‌ನಲ್ಲಿ ಶ್ರೀಲಂಕಾ ವಿರುದ್ಧದ ಟೆಸ್ಟ್‌ಗೆ ದುಬಾರಿ ದರ ಇಟ್ಟು ನಾಲ್ಕನೇ ದಿನ ಬಹುಪಾಲು ಖಾಲಿ ಕುರ್ಚಿಗಳನ್ನು ಜಗತ್ತಿಗೆ ತೋರಿಸಿದರು. ದುಬಾರಿ ದರ ಕುರ್ಚಿ ಖಾಲಿ ಮಾಡುತ್ತದೆ ಎಂಬುದನ್ನು ಮಹಿಳಾ ಫುಟ್‌ಬಾಲ್‌ನವರು ಚೆನ್ನಾಗಿ ಅರಿತಂತಿದೆ. 2022ರಲ್ಲಿ ಬಾರ್ಸಿಲೋನ ಮಹಿಳಾ ತಂಡದ ಎರಡು ಪಂದ್ಯಗಳಿಗೆ ತೊಂಬತ್ತೊಂದು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಎಷ್ಟೋ ಕುಟುಂಬಗಳು ಅಲ್ಲಿ ಮಕ್ಕಳೊಂದಿಗೆ ಕುಳಿತಿದ್ದವು.

ಮಕ್ಕಳ ವಿಷಯಕ್ಕೆ ಕ್ಲಬ್ ಮಾಲೀಕರು ನಿದ್ದೆಗೆಡಬೇಕು. ಹತ್ತನೇ ವಯಸ್ಸಿನಲ್ಲಿ ಕ್ರೀಡಾಂಗಣದ ಮೆಟ್ಟಿಲು ಹತ್ತಿದ ಮಗು ಐವತ್ತು ವರ್ಷ ಆ ತಂಡದ ಸೋಲುಗಳನ್ನು ಹೊತ್ತುಕೊಂಡು ತಿರುಗುತ್ತದೆ. ಮೊಬೈಲಿನಲ್ಲಿ ಎರಡು ನಿಮಿಷದ ತುಣುಕು ನೋಡಿ ಬೆಳೆದ ಮಗುವಿಗೆ ಇಷ್ಟವಾಗುವುದು ಒಬ್ಬ ಆಟಗಾರ. ಅವನು ಕ್ಲಬ್ ಬದಲಿಸಿದರೆ ಮಗುವೂ ಬದಲಿಸುತ್ತದೆ.

ಜೀವನದಲ್ಲಿ ಒಮ್ಮೆಯಾದರೂ ಫೈನಲ್ ನೋಡಬೇಕೆಂದು ವರ್ಷಗಟ್ಟಲೆ ಹಣ ಕೂಡಿಸುವವರನ್ನು ನಾನು ಗೇಲಿ ಮಾಡುವುದಿಲ್ಲ. ಅವರವರ ಆಸೆ ಅವರವರಿಗೆ. ಟಿಕೆಟ್ ಕೊಳ್ಳುವ ಮುಂಚೆ ನಾನು ಕೇಳಿಕೊಳ್ಳುವುದು ಇಷ್ಟೇ: ನನ್ನ ತಂಡ ಕೆಟ್ಟದಾಗಿ ಆಡಿ ಸೋತರೂ ಮನೆಗೆ ಬರುವ ದಾರಿಯಲ್ಲಿ ಈ ದುಡ್ಡಿನ ನೆನಪಾಗದೆ ಇರುತ್ತದೆಯೇ? ಫೈನಲ್‌ಗೆ ಹೋದ ಅರ್ಧದಷ್ಟು ಜನ ಸೋತೇ ಮನೆಗೆ ಬರುತ್ತಾರೆ. ಸಾವಿರಾರು ಡಾಲರಿನ ಟಿಕೆಟ್ಟಿಗೆ ಈ ಪ್ರಶ್ನೆ ಹಾಕಿದರೆ ನನ್ನ ಉತ್ತರ ‘ಇಲ್ಲ’. ಲೀಗ್‌ನ ಯಾವುದೋ ವಾರದ ಮಧ್ಯದ ಪಂದ್ಯಕ್ಕಾದರೆ, ಮೈದಾನದ ಹತ್ತಿರದ ಸಾಲು ಸಿಗುವುದಾದರೆ, ಈಗಲೇ ಹೊರಡುತ್ತೇನೆ.