ಮಾರಿ ಆದ್ಮೇಲೆ ರೇಟ್ ಬದಲಾಯಿಸೋರಿಗೆ

ನಿನ್ನೆ ಸಂಜೆಯಿಂದ ತಲೆ ಕೆಟ್ಟೋಗಿದೆ. ದಾವಣಗೆರೆಲಿ ಒಂದು ಕ್ಲಿನಿಕ್ ಹೊರಗೆ ನಮ್ಮ ಹಳೇ ಟೀಮಿನ ಹುಡುಗ ಸಿಕ್ದ, ಮೆಡಿಕಲ್ ರೆಪ್, ಅಂದ್ರೆ ಕಂಪನಿ ಔಷಧಿ ಮಾರಾಟಕ್ಕೆ ಊರೂರು ಸುತ್ತೋನು, ಮುಖ ಬಾಡಿತ್ತು. ಯಾಕಪ್ಪಾ ಅಂದ್ರೆ ಮೊಬೈಲ್ ತೆಗ್ದು ಮೇಲ್ ತೋರಿಸ್ದ. ಮೂರು ತಿಂಗಳ ಕ್ವಾರ್ಟರ್ ಮುಗಿಯೋಕೆ ಒಂಬತ್ತು ದಿನ ಇರುವಾಗ ಇನ್ಸೆಂಟಿವ್ ಸ್ಲ್ಯಾಬ್ (ಎಷ್ಟು ಮಾರಿದ್ರೆ ಸಂಬಳದ ಮೇಲೆ ಎಷ್ಟು ದುಡ್ಡು ಅನ್ನೋ ಲೆಕ್ಕ) ಬದಲು, ಅದೂ ಕ್ವಾರ್ಟರಿನ ಮೊದಲನೇ ದಿನದಿಂದ್ಲೇ ಲೆಕ್ಕ! 100 ಪರ್ಸೆಂಟ್ ಟಾರ್ಗೆಟ್‌ಗೆ ಸಿಗ್ತಿದ್ದಿದ್ದು ಈಗ 110ಕ್ಕೆ. ಹರಿಹರ, ಹೊನ್ನಾಳಿ, ಚನ್ನಗಿರಿ ಅಂತ ಬಿಸಿಲಲ್ಲಿ ಬೈಕ್ ಓಡ್ಸಿ ಇವನು 104 ಮಾಡಿದಾನೆ. "ಮಗಳ ಫೀಸು ಇದ್ರಲ್ಲೇ ಕಟ್ಬೇಕಿತ್ತು ಸರ್" ಅಂದ.

ಮುಂದಿನ ಕ್ವಾರ್ಟರ್‌ಗೆ ಬದಲಾಯಿಸ್ಲಿ, ಇಷ್ಟ ಇದ್ದೋರು ಇರ್ತಾರೆ ಇಲ್ದೋರು ಹೋಗ್ತಾರೆ. ಬಿಲ್ ಆಗಿ ಹೋಗಿರೋ ಮಾಲಿಗೆ ಹೊಸ ಲೆಕ್ಕ ಹಾಕೋದು ಯಾವ ನ್ಯಾಯ?

ಅಪಾಯಿಂಟ್‌ಮೆಂಟ್ ಲೆಟರಲ್ಲೇ ಇದೆಯಲ್ಲ, ಸ್ಕೀಮ್ ಯಾವಾಗ ಬೇಕಾದ್ರೂ ಬದಲಾಯಿಸೋ ಹಕ್ಕು ಕಂಪನಿಗಿದೆ ಅಂತ, ಅಂತೀರಿ. ಇರ್ಲಿ. ಅದು ನಾಳೆಗೆ, ನಿನ್ನೆಗಲ್ಲ. ಹೊಲ ಕೋರಿಗೆ ಮಾಡ್ದೋನಿಗೆ ರಾಶಿ ಆದ್ಮೇಲೆ ನಿನ್ನ ಪಾಲು ಕಮ್ಮಿ ಅಂದ್ರೆ ಊರೋರು ಸುಮ್ನಿರ್ತಾರಾ?

1947ರ ಕೈಗಾರಿಕಾ ವಿವಾದ ಕಾಯ್ದೆಲೇ ಇತ್ತು, ವೇತನದ ಷರತ್ತು ಬದಲಾಯಿಸೋ ಮುಂಚೆ 21 ದಿನದ ನೋಟಿಸ್ ಕೊಡ್ಬೇಕು ಅಂತ. ಸೇಲ್ಸ್ ಕಮಿಷನ್ನೂ ವೇತನನೇ ಅಂತ ಆಮೇಲೆ ಸೇರಿಸಿದ್ರು. ನಮ್ಮಂಥ ರೆಪ್‌ಗಳಿಗೆ ಅಂತಾನೇ 1976ರಲ್ಲಿ ಬೇರೆ ಕಾಯ್ದೆ ಬಂತು. 2025ರ ನವೆಂಬರ್ 21ಕ್ಕೆ ಇವುಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾದ್ವು, 21 ದಿನದ ನೋಟಿಸ್ ಉಳೀತು, ಆದ್ರೆ ವೇತನದ ವ್ಯಾಖ್ಯೆಯಿಂದ ಕಮಿಷನ್ ಹೊರಗೆ ಹೋಯ್ತು. ಹೀಗೆ ಹೊರಗಿಟ್ಟ ಬಾಬ್ತುಗಳು ಕೈಗೆ ಕೊಡೋ ಒಟ್ಟು ದುಡ್ಡಿನ ಅರ್ಧ ದಾಟಿದ್ರೆ ಮಾತ್ರ ಆ ಜಾಸ್ತಿ ಭಾಗ ವೇತನಕ್ಕೆ ಸೇರುತ್ತೆ. ಇನ್ಮೇಲೆ ಕಂಪನಿ ವಕೀಲರು ಇದನ್ನೇ ಹಿಡ್ಕೊಂಡು ವಾದ ಮಾಡ್ತಾರೆ ಅನ್ನೋದೇ ನನ್ನ ಭಯ.

ಒಂದು ಹೇಳ್ಲೇಬೇಕು. ನಾನು ಏರಿಯಾ ಮ್ಯಾನೇಜರ್ ಆಗಿದ್ದಾಗ ಇಂಥದ್ದೇ ಮೇಲ್ ಬಂದಿತ್ತು. ಗ್ರೂಪಿಗೆ ಫಾರ್ವರ್ಡ್ ಮಾಡ್ದೆ. ಆ ರಾತ್ರಿ ಇದೇ ಹುಡುಗ ಮೂರು ಸಲ ಫೋನ್ ಮಾಡಿದ್ದ, ನಾನು ಎತ್ಲಿಲ್ಲ. ಏನು ಉತ್ತರ ಕೊಡ್ಬೇಕು ಅಂತ ಗೊತ್ತಿರ್ಲಿಲ್ಲ. ಅವನು ಅದನ್ನ ಎತ್ತಿ ಆಡಲೂ ಇಲ್ಲ ನಿನ್ನೆ.

ಹಳೇ ಸರ್ಕ್ಯುಲರ್, ಸ್ಟಾಕಿಸ್ಟ್ (ಸಗಟು ವ್ಯಾಪಾರಿ) ಕೊಡೋ ಮಾರಾಟದ ಸ್ಟೇಟ್‌ಮೆಂಟು ಎಲ್ಲಾ ತೆಗ್ದಿಡು, ಬರವಣಿಗೆಲೇ ಕೇಳು ಅಂದೆ. "ಕೇಳಿದ್ರೆ ಬೀದರ್‌ಗೆ ಹಾಕ್ತಾರೆ ಸರ್" ಅಂದ. ಇವತ್ತು ರಾತ್ರಿ ಮನೆಗೆ ಬಾ ಅಂತ ಹೇಳಿದೀನಿ, ಮೇಲ್ ಇಬ್ರೂ ಕೂತು ಬರೀತೀವಿ.