ಸೈನಿಕರ ಜೊತೆ ಊಟ ಮಾಡಿ ಬಂದಿರಿ, ಆಮೇಲೇನು?

2003ರ ನವೆಂಬರ್ 27. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಬಾಗ್ದಾದ್ ವಿಮಾನ ನಿಲ್ದಾಣದ ಊಟದ ಹಾಲ್‌ನಲ್ಲಿ ಇರಾಕ್ ಯುದ್ಧಕ್ಕೆ ಬಂದಿದ್ದ ಅಮೆರಿಕದ ಸುಮಾರು ಆರುನೂರು ಸೈನಿಕರು ಕೂತಿದ್ದರು. ಅಧ್ಯಕ್ಷರ ಸಂದೇಶ ಓದಬೇಕಿದ್ದ, ಇರಾಕಿನಲ್ಲಿ ಅಮೆರಿಕದ ಆಡಳಿತ ನೋಡಿಕೊಳ್ಳುತ್ತಿದ್ದ ಪಾಲ್ ಬ್ರೆಮರ್, ಇದನ್ನು ಓದಲು ನಮಗಿಂತ ದೊಡ್ಡವರು ಯಾರಾದರೂ ಇದ್ದಾರಾ ಅಂತ ಕೇಳಿದರು. ಪರದೆ ಹಿಂದಿನಿಂದ ಅಧ್ಯಕ್ಷ ಜಾರ್ಜ್ ಬುಷ್ ಹೊರಬಂದರು. ಹಾಲ್ ಕಿತ್ತುಹೋಗುವಷ್ಟು ಕೂಗು.

ಭೇಟಿ ಸುಲಭದ್ದಾಗಿರಲಿಲ್ಲ. ಐದು ದಿನದ ಹಿಂದಷ್ಟೇ ಅದೇ ಬಾಗ್ದಾದ್‌ನಲ್ಲಿ ಡಿಎಚ್‌ಎಲ್‌ನ ಸರಕು ವಿಮಾನಕ್ಕೆ ಕ್ಷಿಪಣಿ ಬಡಿದಿತ್ತು. ಅಧ್ಯಕ್ಷರ ವಿಮಾನ ಕತ್ತಲಲ್ಲಿ ದೀಪ ಆರಿಸಿಕೊಂಡು ಇಳಿಯಿತು. ಎರಡೂವರೆ ಗಂಟೆ ಇದ್ದು ವಾಪಸ್.

ಆಮೇಲೆ ದೊಡ್ಡ ಚರ್ಚೆ ನಡೆದದ್ದು ಯಾವುದರ ಬಗ್ಗೆ ಗೊತ್ತಾ? ಬುಷ್ ಕೈಯಲ್ಲಿ ಹಿಡಿದಿದ್ದ ಟರ್ಕಿ ಕೋಳಿಯ ಬಗ್ಗೆ! ಅದು ಅಲಂಕಾರಕ್ಕೆ ಇಟ್ಟಿದ್ದ ಕೋಳಿ, ಸೈನಿಕರಿಗೆ ಬಡಿಸಿದ್ದು ಬೇರೆ ಟ್ರೇಗಳಿಂದ ಅಂತ ಪತ್ರಿಕೆಗಳು ಬರೆದವು. ಒಬ್ಬರು ನಾಟಕ ಅಂದರು, ಇನ್ನೊಬ್ಬರು ಎದೆಗಾರಿಕೆ ಅಂದರು. ನನಗೆ ಈ ಜಗಳವೇ ಬೇಸರ. ಮನೆಯಿಂದ ಅಷ್ಟು ದೂರ ಇದ್ದ ಹುಡುಗರಿಗೆ ಆ ಸಂಜೆ ಖುಷಿಯಾಗಿದ್ದು ನಿಜ, ಅದನ್ನು ಯಾಕೆ ಕಿತ್ತುಕೊಳ್ಳಬೇಕು? ಬುಷ್ ಆಮೇಲೆ ಮೂರು ಸಲ ಇರಾಕಿಗೆ ಹೋದರು. ಅಮೆರಿಕದ ಸೇನೆ ಅಲ್ಲಿಂದ ಹೊರಟಿದ್ದು ಮಾತ್ರ 2011ರ ಡಿಸೆಂಬರ್‌ನಲ್ಲಿ, ಬೇರೆ ಅಧ್ಯಕ್ಷರ ಕಾಲದಲ್ಲಿ. ನಾಯಕ ಹೋಗಿ ಬಂದದ್ದರಿಂದ ಯುದ್ಧದಲ್ಲಿ ಏನು ಬದಲಾಯಿತು ಅನ್ನುವುದು ನನ್ನ ಪ್ರಶ್ನೆ.

ಹಿಂದಿನ ಇನ್ನೊಬ್ಬ ಅಮೆರಿಕ ಅಧ್ಯಕ್ಷ ಲಿಂಡನ್ ಜಾನ್ಸನ್ ಕಥೆಯೂ ಹೀಗೇ. 1966ರ ಅಕ್ಟೋಬರ್‌ನಲ್ಲಿ ವಿಯೆಟ್ನಾಂನ ಕ್ಯಾಮ್ ರಾನ್ ಕೊಲ್ಲಿಗೆ ಹೋಗಿ ಗೆದ್ದು ಬನ್ನಿ ಅಂತ ಹುರಿದುಂಬಿಸಿದರು. 1967ರ ಡಿಸೆಂಬರ್‌ನಲ್ಲಿ ಮತ್ತೆ ಹೋದರು. ತಿಂಗಳು ಕಳೆದು ಸ್ವಲ್ಪ ದಿನಕ್ಕೇ ಎದುರಾಳಿಗಳ ಭಾರಿ ದಾಳಿ, ಟೆಟ್ ದಾಳಿ, ಶುರುವಾಯಿತು. ಅಲ್ಲಿದ್ದ ಅಮೆರಿಕದ ಸೈನಿಕರ ಸಂಖ್ಯೆ 5 ಲಕ್ಷ ದಾಟಿತು.

ಈಗ ನನಗೆ ಇಷ್ಟವಾದ ಭೇಟಿಗೆ ಬರುತ್ತೇನೆ. 1952. ದಕ್ಷಿಣ ಕೊರಿಯಾ ಪರ ಅಮೆರಿಕ, ಎದುರಿಗೆ ಉತ್ತರ ಕೊರಿಯಾ ಮತ್ತು ಚೀನಾ ನಿಂತಿದ್ದ ಕೊರಿಯಾ ಯುದ್ಧಕ್ಕೆ ಮೂರನೇ ವರ್ಷ. ಒಂದು ಗುಡ್ಡ ಹಿಡಿಯುವುದು, ಅದನ್ನೇ ಮತ್ತೆ ಕಳೆದುಕೊಳ್ಳುವುದು, ಇಷ್ಟೇ ನಡೆದಿತ್ತು. ಯುದ್ಧಕೈದಿಗಳ ವಿಷಯದಲ್ಲಿ ಸಂಧಾನ ಸಿಕ್ಕಿಹಾಕಿಕೊಂಡಿತ್ತು. ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಐಸೆನ್‌ಹೋವರ್ ಅಕ್ಟೋಬರ್ 24ರಂದು ಡೆಟ್ರಾಯಿಟ್‌ನಲ್ಲಿ, ನಾನು ಕೊರಿಯಾಗೆ ಹೋಗುತ್ತೇನೆ ಅಂದರು. ಶುದ್ಧ ಚುನಾವಣಾ ಮಾತು, ಅದರಲ್ಲಿ ಅನುಮಾನ ಬೇಡ. ಗೆದ್ದ ಮೇಲೆ ಅಧ್ಯಕ್ಷ ಟ್ರೂಮನ್ ತಂತಿ ಕಳಿಸಿ, ಇನ್ನೂ ಹೋಗುವ ಮನಸ್ಸಿದ್ದರೆ ವಿಮಾನ ಕೊಡುತ್ತೇನೆ ಅಂತ ಚುಚ್ಚಿದರು.

ಐಸೆನ್‌ಹೋವರ್, ಅಂದರೆ ಎಲ್ಲರ ಬಾಯಲ್ಲಿ ಐಕ್, ಗುಟ್ಟಾಗಿ ಹೊರಟರು. ಅವರು ಊರಲ್ಲೇ ಇದ್ದಾರೆ ಅನ್ನಿಸಲು ನ್ಯೂಯಾರ್ಕ್‌ನ ಮನೆಗೆ ದೊಡ್ಡ ದೊಡ್ಡವರು ಬಂದು ಹೋಗುತ್ತಲೇ ಇದ್ದರು. ಡಿಸೆಂಬರ್ 2ರಂದು ಕೊರಿಯಾ ಮುಟ್ಟಿದರು. ಮೈ ಕೊರೆಯುವ ಚಳಿ. ಹಿಂದೆ ತಾವೇ ಇದ್ದ 15ನೇ ಪದಾತಿ ರೆಜಿಮೆಂಟಿನ ಸೈನಿಕರ ಜೊತೆ ಊಟ ಮಾಡಿದರು. ಫೋಟೋನೂ ಇದೆ! ಮಗ ಜಾನ್ ಅಲ್ಲೇ ಸೇನೆಯಲ್ಲಿ ಮೇಜರ್. ಸಣ್ಣ ವಿಮಾನದಲ್ಲಿ ಯುದ್ಧದ ಗಡಿಯ ಮೇಲೆ ಹಾರಿ, ಎದುರಿನವರು ಗುಡ್ಡಗಳಲ್ಲಿ ಹೇಗೆ ಬೇರು ಬಿಟ್ಟು ಕೂತಿದ್ದಾರೆ ಅಂತ ನೋಡಿದರು.

ಅಲ್ಲಿನ ಕಮಾಂಡರ್ ಜನರಲ್ ಮಾರ್ಕ್ ಕ್ಲಾರ್ಕ್ ಯುದ್ಧ ಹಿಗ್ಗಿಸುವ ಯೋಜನೆ ಸಿದ್ಧಮಾಡಿ ಕಾಯುತ್ತಿದ್ದರು. ಐಕ್ ಅದರ ಬಗ್ಗೆ ಕೇಳಲೇ ಇಲ್ಲ. ಉತ್ತರದವರೆಗೂ ನುಗ್ಗಬೇಕು ಎನ್ನುತ್ತಿದ್ದ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀಗೆ ದೊಡ್ಡ ಮೆರವಣಿಗೆಯ ಆಸೆ ಇತ್ತು, ಸಿಕ್ಕಿದ್ದು ಚೂರು ಸಮಯ. ಸಣ್ಣ ಗುಡ್ಡಗಳ ಮೇಲೆ ಸಣ್ಣ ದಾಳಿ ಮಾಡಿಕೊಂಡಿದ್ದರೆ ಈ ಯುದ್ಧ ಮುಗಿಯಲ್ಲ ಅನ್ನುವುದು ಐಕ್‌ಗೆ ಖಾತ್ರಿಯಾಯಿತು. ಎರಡನೇ ಮಹಾಯುದ್ಧ ಗೆಲ್ಲಿಸಿದ ಜನರಲ್ ಇನ್ನೂ ಜಾಸ್ತಿ ಸೈನ್ಯ ಕೇಳಿದ್ದರೆ ಯಾರು ತಾನೇ ಬೇಡ ಅನ್ನುತ್ತಿದ್ದರು?

1953ರ ಜುಲೈ 27ಕ್ಕೆ ಕದನ ವಿರಾಮವಾಯಿತು. ಅದನ್ನು ಪೂರ್ತಿ ಐಕ್ ಲೆಕ್ಕಕ್ಕೆ ಬರೆಯಲಾಗದು. ಎದುರಿನವರ ಬೆನ್ನಿಗಿದ್ದ ಸೋವಿಯತ್ ನಾಯಕ ಸ್ಟಾಲಿನ್ ಮಾರ್ಚ್‌ನಲ್ಲಿ ಸತ್ತದ್ದು ದೊಡ್ಡ ತಿರುವು. ಐಕ್ ಕಡೆಯಿಂದ ಅಣುಬಾಂಬಿನ ಬೆದರಿಕೆಯ ಸುಳಿವೂ ಹೋಗಿತ್ತು. ಭೇಟಿಯಾಗಿ ಏಳು ತಿಂಗಳಾದರೂ ಗುಡ್ಡಗಳಲ್ಲಿ ಜನ ಸಾಯುತ್ತಲೇ ಇದ್ದರು. ಆದರೂ ಹೋಗಿ, ನೋಡಿ, ಇದು ಸಾಕು ಅಂತ ತೀರ್ಮಾನಿಸಿ ಬಂದ ನಾಯಕರು ಎಷ್ಟು ಜನ ಸಿಗುತ್ತಾರೆ ಹೇಳಿ.

ಸಂಧಾನಕ್ಕೆ ಅಡ್ಡ ನಿಂತಿದ್ದ ಕೈದಿಗಳ ಗಂಟು ಕೊನೆಗೆ ಬಂದು ಬಿದ್ದದ್ದು ಒಬ್ಬ ಕನ್ನಡ ನಾಡಿನವರ ಹೆಗಲ ಮೇಲೆ. ತಾಯ್ನಾಡಿಗೆ ವಾಪಸ್ ಹೋಗಲ್ಲ ಅಂದ 22 ಸಾವಿರಕ್ಕೂ ಹೆಚ್ಚು ಕೈದಿಗಳನ್ನು ನೋಡಿಕೊಳ್ಳುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ಜನರಲ್ ತಿಮ್ಮಯ್ಯನವರೇ ಅಧ್ಯಕ್ಷರು. ಭಾರತದ ಸೈನಿಕರು ತನ್ನ ನೆಲ ಮೆಟ್ಟಬಾರದು ಅಂತ ಸಿಂಗ್‌ಮನ್ ರೀ ಹಟ ಹಿಡಿದ. ಹಾಗಾಗಿ ಇಂಚೋನ್ ಬಂದರಿನಲ್ಲಿದ್ದ ಹಡಗುಗಳಿಂದ ನಮ್ಮವರನ್ನು ಹೆಲಿಕಾಪ್ಟರ್‌ನಲ್ಲೇ ಎತ್ತಿಕೊಂಡು ಹೋಗಿ ಎರಡು ಸೇನೆಗಳ ನಡುವಿನ ಜಾಗದಲ್ಲಿ ಇಳಿಸಬೇಕಾಯಿತು. ಕೈದಿಗಳ ಗಲಾಟೆ, ಎರಡೂ ಕಡೆಯವರ ಬೈಗುಳ, ಎಲ್ಲವನ್ನೂ ತಡೆದುಕೊಂಡು ತಿಮ್ಮಯ್ಯನವರು ಆ ಕೆಲಸ ಮುಗಿಸಿ ಬಂದರು. 1957ರಲ್ಲಿ ನಮ್ಮ ಸೇನೆಯ ಮುಖ್ಯಸ್ಥರಾದರು.